ಅತಿಥಿಗೆಂದು ತೆಗೆದಿಟ್ಟ ನೀರು

ನೀರು ಪರೀಕ್ಷಿಸುವ ಹುಡುಗಿ ಪಕ್ಕದ ಮನೆಗೆ ಬಂದಿದ್ದಾಳೆಂದು ತಿಳಿದದ್ದೇ ಜಾನೆಟಾಳ ಎದೆ ಧಸಕ್ಕೆಂದಿತು. ಪೂರ್ವ ಸ್ಲೊವಾಕಿಯಾದ ಆ ಕೇರಿಗೆ, ಊರಿನವರು ದೂರವಿಟ್ಟ ರೋಮಾ ಜನಾಂಗದವರ ಕೇರಿಗೆ, ಕೊಳಾಯಿಯೇ ಬಂದಿರಲಿಲ್ಲ. ರಸ್ತೆಯಾಚೆ ಊರಿನವರ ಹೂಗಿಡಕ್ಕೂ ಕೊಳಾಯಿ ನೀರು, ಇವರ ಕೂಸುಗಳಿಗೆ ಹೊಲದಂಚಿನಲ್ಲಿ ತಾವೇ ತೋಡಿಕೊಂಡ ಬಾವಿಗಳು. ಹೋದ ಚಳಿಗಾಲ ಇದೇ ಸಾಲಿನ ಮಾರ್ಗಿಟಾಳ ಮಗುವನ್ನು, ಮನೆಯಲ್ಲಿ ಒಳ್ಳೆಯ ನೀರಿಲ್ಲವೆಂಬ ನೆಪ ಹೇಳಿ ಮಕ್ಕಳ ರಕ್ಷಣೆಯ ಕಚೇರಿಯವರು ಎತ್ತಿಕೊಂಡು ಹೋಗಿದ್ದರು. ಕೊಳಾಯಿ ಕೊಡದವರೂ ಇದೇ ಸರ್ಕಾರದ ಪುಣ್ಯಾತ್ಮರೇ! ತಮ್ಮ ಬಾವಿಯೂ ಕೆಟ್ಟಿದೆಯೆಂದು ಈ ಹುಡುಗಿ ಬರೆದರೆ ಮುಂದಿನ ಸರದಿ ತನ್ನ ರಿಕೋನದು. ಅವನಿಗಿನ್ನೂ ಮೂರು ತಿಂಗಳು.

ಬಂದವರಿಗೆ ಬಾವಿ ನೀರು ಕೊಡುವುದು ಆ ಕೇರಿಯಲ್ಲಿ ಮರ್ಯಾದೆಗೇಡು. ಅತಿಥಿಗಳಿಗೆಂದೇ ದೂರದ ಕಾಡಿನ ಒರತೆಯಿಂದ ಹೊತ್ತು ತಂದ ನೀರು ಪ್ರತಿ ಮನೆಯಲ್ಲೂ ಒಂದು ಕ್ಯಾನು ಇರುತ್ತಿತ್ತು. ಜಾನೆಟಾ ಬಾವಿ ನೀರಿನ ಬಕೆಟ್ಟನ್ನು ಮಂಚದಡಿ ತಳ್ಳಿ, ಆ ಕ್ಯಾನನ್ನು ಮೇಜಿನ ಮೇಲಿಟ್ಟಳು. ಬೀಗರು ಬಂದಾಗಲೂ ಇಷ್ಟು ಉಪಚಾರ ಕಂಡಿರಲಿಲ್ಲವೆಂದು ಅತ್ತೆ ಯೋಲಾನಾ ಕುಟುಕಿದಳು.

ಒಳಗೆ ಬಂದ ಆ ಹುಡುಗಿ, ಯಾಗ್ನಾ, ಪೋಲೆಂಡಿನ ವಿದ್ಯಾರ್ಥಿನಿ. ಯಾರಿಗೆ ಎಂಥ ನೀರು ಸಿಗುತ್ತದೆಂದು ಅಧ್ಯಯನ ಮಾಡಲು ಗಡಿ ದಾಟಿ ಬಂದವಳು. ಮೇಜಿನ ಮೇಲಿನ ಕ್ಯಾನು ತೋರಿಸಿ, ಇದು ಬಾವಿ ನೀರೇ ತಾನೇ ಎಂದು ಕೇಳಿದಳು. ಜಾನೆಟಾ ಹೌದೆಂದು ತಲೆಯಾಡಿಸಿದಳು. ಕೆಟ್ಟ ನೀರಿಗೆ ಕೆಂಪಾಗುವ ಕಾಗದದ ಪಟ್ಟಿ ಅದ್ದಿದ ಮೇಲೂ ಬಿಳಿಯಾಗಿಯೇ ಉಳಿದಾಗ ಅವಳಿಗೆ ಹೋದ ಜೀವ ಬಂದಂತಾಯಿತು.

"ನಿಮ್ಮ ಪುಣ್ಯ ಅಕ್ಕ," ಎಂದಳು ಯಾಗ್ನಾ. "ಪಕ್ಕದ ಮನೆಯವರ ಬಾವಿಗೆ ಹೊಲದ ಗೊಬ್ಬರ ಇಳಿದಿದೆ. ಪುಡಿಹಾಲಿಗೆ ಆ ನೀರು ಬೆರೆಸಿದ್ರೆ ಕೂಸಿನ ತುಟಿ ನೀಲಿಗಟ್ಟುತ್ತೆ, ಜೀವಕ್ಕೇ ಅಪಾಯ. ಕುದಿಸಿದ್ರೂ ಆ ವಿಷ ಹೋಗಲ್ಲ."

ಜಾನೆಟಾ ಮಲಗಿದ್ದ ಮಗುವಿನತ್ತ ತಿರುಗಿದಳು. ರಿಕೋನ ತುಟಿ, ಉಗುರು ನೀಲಿಗಟ್ಟಿ ವಾರವಾಗಿತ್ತು. ಚಳಿಗೆ ಹಾಗಾಗಿದೆ ಎಂದು ಅತ್ತೆ ಹೇಳಿದ್ದನ್ನು ನಂಬಿ ಇನ್ನೊಂದು ಕಂಬಳಿ ಹೊದಿಸಿದ್ದಳು. ಬಾವಿ ನೀರನ್ನು ಚೆನ್ನಾಗಿ ಕುದಿಸಿಯೇ ಹಾಲು ಕಲಸುತ್ತಿದ್ದಳು. ಬೆಳಗಿನಿಂದ ಅವನು ಅತ್ತಿರಲೂ ಇಲ್ಲ. ಬಾಯಿಬಿಟ್ಟರೆ ಮಗು ಕಚೇರಿಯವರ ಪಾಲು, ಬಿಡದಿದ್ದರೆ ಮಣ್ಣಿನ ಪಾಲು.

ಅವಳು ಬಗ್ಗಿ ಮಂಚದಡಿಯ ಬಕೆಟ್ಟನ್ನು ಎಳೆದಳು. ಯಾಗ್ನಾ ಇನ್ನೊಂದು ಪಟ್ಟಿ ಅದ್ದಿದಳು, ಅದು ಕಡುಗೆಂಪಾಯಿತು. ಮಗುವಿನ ಮುಖ ನೋಡಿದವಳೇ ತಾಯಿ ಮಗುವನ್ನು ಕರೆದುಕೊಂಡು ತನ್ನ ಕಾರಿನತ್ತ ಓಡಿದಳು.

ದಾರಿಯುದ್ದಕ್ಕೂ ಜಾನೆಟಾ ರಿಕೋನ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಲೇ ಇದ್ದಳು. ಪಟ್ಟಣದ ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತೊಡನೆ ಅವನನ್ನು ಯಾಗ್ನಾಳ ತೋಳಿಗೆ ಹಾಕಿದಳು.

"ನೀವೇ ಒಳಗೆ ಕರ್ಕೊಂಡ್ಹೋಗಿ ಮೇಡಂ. ನಮ್ಮ ಕೇರಿಯವಳ ಕೈಲಿ ನೋಡಿದ್ರೆ ಹೊರಗೇ ಕಾಯಿಸ್ತಾರೆ. ಯಾರಾದ್ರೂ ಕೇಳಿದ್ರೆ, ನಿಮ್ಮ ಮಗು ಅನ್ನಿ."