ಪರದೆಯ ಹಿಂದಿನ ದ್ರೌಪದಿ

"ನಾಟಕದ ಸೂಳೇನ ಸ್ಟೇಜ್ ಮೇಲೆ ನಿಲ್ಸಿದ್ರೆ ಸಂಸಾರಸ್ಥರು ಎದ್ದು ಹೋಗ್ತಾರೆ ನಳಿನಿ," ಎಂದರು ಬಾಲಕೃಷ್ಣರಾಯರು. ಬ್ಯಾಂಕಿನ ಮ್ಯಾನೇಜರು, ಬೆರಳಲ್ಲಿ ಪಚ್ಚೆ ಉಂಗುರ; ಅಹಮದಾಬಾದಿನ ಕನ್ನಡ ಸಂಘಕ್ಕೂ ಅವರೇ ಅಧ್ಯಕ್ಷರು. ನಾನು ಅಲ್ಲೇ ಮೋರಿಯ ಹತ್ತಿರ ಅವರು ಉಂಡ ತಟ್ಟೆ ತಿಕ್ಕುತ್ತಿದ್ದೆ.

"ಮತ್ತೆ ದ್ರೌಪದಿ ಹಾಡು? ನನ್ನ ಗಂಟಲು ಅಷ್ಟು ಮೇಲಕ್ಕೆ ಹೋಗಲ್ಲ," ಎಂದರು ಸಂಘದ ನಾಟಕದಲ್ಲಿ ದ್ರೌಪದಿಯಾಗಲಿದ್ದ ಅವರ ಹೆಂಡತಿ.

"ಇವಳು ಪರದೆ ಹಿಂದೆ ಕೂತು ಹಾಡ್ಲಿ, ನೀನು ಬಾಯಿ ಆಡ್ಸು. ಲೇ ಶಾಂತಾ, ಮುಖ ತೋರಿಸಿದ್ಯೋ, ನಾಳೆಯಿಂದ ನಮ್ಮೋರ ಯಾರ ಮನೆ ಹೊಸ್ತಿಲೂ ತುಳೀಬೇಡ."

"ಹೂಂರಿ ಸಾಹೇಬ್ರ," ಎಂದೆ. ಇನ್ನೊಂದು ತಟ್ಟೆ ತೆಗೆದುಕೊಂಡೆ.

ಗದಗಿನ ಕಡೆಯ ನಾಟಕ ಕಂಪನಿಯಲ್ಲಿ ಹನ್ನೆರಡು ವರ್ಷ ದ್ರೌಪದಿಯಾಗಿದ್ದವಳು ನಾನು. ಊರೂರಿನ ಗೋಡೆಗೆ ನನ್ನ ಹೆಸರು ಅಂಟಿಸುತ್ತಿದ್ದರು. ಟಿವಿ ಬಂತು, ಕಂಪನಿ ಮುಳುಗಿತು. ಗಂಡ ಅಹಮದಾಬಾದಿನ ಮಿಲ್ಲಿಗೆ ಕರೆತಂದ. ಮಿಲ್ಲು ಮುಚ್ಚಿತು, ಆಮೇಲೆ ಅವನೂ ತೀರಿಹೋದ. ಈಗ, ತೊಂಬತ್ನಾಲ್ಕನೇ ಇಸವಿಯಲ್ಲಿ, ಇಲ್ಲಿನ ಮಣಿನಗರ ಬಡಾವಣೆಯ ಐದು ಕನ್ನಡ ಮನೆಗಳ ಮುಸುರೆ ನನ್ನದು.

ತಾಲೀಮಿಗೆ ಹಾರ್ಮೋನಿಯಂ ಪೇಟಿ ಬಾರಿಸುವವನು ರೈಲ್ವೆ ಗುಂಡಪ್ಪ. ನಾನು ಬಾಯಿ ತೆರೆದದ್ದೇ ತಡ, ಅವನ ಬೆರಳು ನಿಂತವು.

"ಕಂಪನಿ ಶಾಂತಾಬಾಯಾರಲ್ಲೇನ್ರಿ ನೀವು? ಹುಬ್ಬಳ್ಳ್ಯಾಗ ನಿಮ್ಮ ಮೂರು ಆಟ ನೋಡೀನ್ರಿ."

"ನಾ ಅಲ್ರಿ. ಬಾರಸ್ರಿ."

ಭಾನುವಾರ ಮಧ್ಯಾಹ್ನ ನಾಟಕ. ಪರದೆಯ ಹಿಂದೆ ನನಗೆ ಕೂರಲು ಒಂದು ಡಾಲ್ಡಾ ಡಬ್ಬಿ, ಒಂದು ಮೈಕು. ಮುಂದೆ ನಳಿನಿಯಮ್ಮ ರೇಷ್ಮೆ ಸೀರೆಯಲ್ಲಿ ಕೈ ಎತ್ತಿ ಕೃಷ್ಣನನ್ನು ಕರೆಯುತ್ತಿದ್ದರು. ನಾನು ಹಾಡಿದೆ. ಮುಗಿದಾಗ ಹಿಂದಿನ ಸಾಲಿನಿಂದ ಒಬ್ಬ, ಅವನ ಬೆನ್ನಿಗೇ ಹತ್ತು ಜನ, "ವನ್ಸ್ ಮೋರ್" ಎಂದು ಕೂಗಿದರು.

ನಳಿನಿಯಮ್ಮನಿಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ, ನಗುತ್ತ ನಿಂತರು. ಕಂಪನಿಯಲ್ಲಿ ಅದಕ್ಕೊಂದು ಪದ್ಧತಿ ಇತ್ತು. ವನ್ಸ್ ಮೋರ್ ಬಿದ್ದರೆ ಹಾಡಿದವರು ದೀಪದ ಮುಂದೆ ಬಂದು, ಕೈ ಮುಗಿದು, ಮತ್ತೆ ಹಾಡಬೇಕು. ಸತ್ತು ಬಿದ್ದ ಅಭಿಮನ್ಯುವೂ ಎದ್ದು ಬಂದು ಹಾಡಿ ಮತ್ತೆ ಸಾಯಬೇಕು. ಮೈಯಲ್ಲಿ ಜ್ವರವಿದ್ದಾಗಲೂ, ಬಸುರಿಯಾಗಿದ್ದಾಗಲೂ ನಾನು ಅದನ್ನು ತಪ್ಪಿಸಿದವಳಲ್ಲ.

ನನ್ನ ಪಕ್ಕದಲ್ಲಿ ಕೂತಿದ್ದ ಗುಂಡಪ್ಪ ಸ್ವರ ಬಿಡದೆ ಪೇಟಿ ಒತ್ತಿಕೊಂಡೇ ನನ್ನತ್ತ ತಿರುಗಿದ. ನಾನು ಎದ್ದೆ.

"ಕೂತ್ಕೊಳೇ ಬೋಳಿಮುಂಡೆ," ಎಂದು ಪರದೆ ಹಿಂದೆಯೇ ನಿಂತಿದ್ದ ರಾಯರು ಪಿಸುಗುಟ್ಟಿ ನನ್ನ ಸೆರಗು ಹಿಡಿದರು.

"ವನ್ಸ್ ಮೋರ್ ಬಿದ್ದೈತ್ರಿ ಸಾಹೇಬ್ರ," ಎಂದೆ. ಐದು ಮನೆಗಳೂ ಹೋದವು ಎಂದು ಗೊತ್ತಿತ್ತು. ನಡೆದೆ.

ಅವರು ಬಿಡಲಿಲ್ಲ. ಪರದೆ ದಾಟಿ ದೀಪದ ಮುಂದೆ ನಿಂತಾಗ ಜನಕ್ಕೆ ಕಂಡದ್ದು ನಾನು, ನನ್ನ ಸೆರಗು, ಪರದೆಯ ಸಂದಿಯಿಂದ ಅದನ್ನು ಜಗ್ಗುತ್ತಿದ್ದ ಪಚ್ಚೆ ಉಂಗುರದ ಕೈ. ಸೆರಗು ಬಿಡಿಸಿಕೊಳ್ಳಲಿಲ್ಲ. ಎರಡೂ ಕೈ ಮುಗಿದು, ಹಾಡನ್ನು ಮೊದಲ ಸಾಲಿನಿಂದ ಎತ್ತಿಕೊಂಡೆ.