ಕವರಿನೊಳಗಿನ ಚೀಟಿ

ದರ್ಜಿ ಅಕ್ಕ ಹೊಲಿಗೆ ಯಂತ್ರ ತುಳಿಯುತ್ತಲೇ ರೆಕಾರ್ಡು ಕೇಳುವವಳು. ಕೇಳಿ ಮುಗಿದ ಮೇಲೆ ತನಗನಿಸಿದ್ದನ್ನು ಚೀಟಿಯಲ್ಲಿ ಗೀಚಿ ಅದೇ ರೆಕಾರ್ಡಿನ ಕವರಿನೊಳಗೆ ತುರುಕುತ್ತಿದ್ದಳು. ‘ಗಜಲ್ ಚೆನ್ನ, ಆದರೆ ಗಾಯಕ ತನ್ನ ಕಣ್ಣೀರಿಗೆ ತಾನೇ ಮರುಳಾಗಿದ್ದಾನೆ.’ ‘ಈ ರಾಕ್ ತಂಡಕ್ಕೆ ಸಿಟ್ಟೇನೋ ಇದೆ, ಯಾರ ಮೇಲೆ ಅಂತ ಅವರಿಗೇ ಗೊತ್ತಿಲ್ಲ.’ ‘ಜಾಝ್‌ನ ಎರಡನೇ ಬದಿಯಲ್ಲಿ ಪಿಯಾನೊದವನೊಬ್ಬನೇ ಎಚ್ಚರವಾಗಿದ್ದಾನೆ.’

ಕೇಳಿ ಕೊಡ್ತೀನಿ ಅಂತ ರೆಕಾರ್ಡು ಒಯ್ಯುತ್ತಿದ್ದ ತಮ್ಮ ಈ ಚೀಟಿಗಳನ್ನೇ ತನ್ನ ಮಾತೆಂಬಂತೆ ರೇಡಿಯೊದಲ್ಲಿ ಓದಿ ಓದಿ ದೊಡ್ಡ ವಿಮರ್ಶಕನಾದ. ವಿಷಯ ಗೊತ್ತಾಗಿ ಅವಳು ಜಬರಿಸಿದರೆ ನಕ್ಕುಬಿಟ್ಟ.

“ದರ್ಜಿ ಮಾತನ್ನ ಯಾರು ಕೇಳ್ತಾರಕ್ಕಾ? ನನ್ನ ಬಾಯಲ್ಲಿ ಬಂದ್ರೆ ತಾನೇ ಬೆಲೆ!”

ಅಕ್ಕನ ಮೈಯೆಲ್ಲ ಉರಿದುಹೋಯಿತು. ಮುಂದಿನ ಸಲ ಅವನು ಬಂದಾಗ ಬರೀ ಡೋಲು ಬಾರಿಸಿರುವ ಆಲ್ಬಮ್ಮೊಂದನ್ನು ಕೈಗಿತ್ತಳು. ಕವರಿನ ಮೇಲೆ ಬೆಟ್ಟದ ಚಿತ್ರವಷ್ಟೇ ಇತ್ತು. ಒಳಗಿನ ಚೀಟಿಯಲ್ಲಿ ‘ಕೊಳಲು ಕರುಳು ಹಿಂಡುತ್ತದೆ’ ಎಂದು ಬರೆದಿದ್ದಳು.

ಭಾನುವಾರ ಬೆಳಿಗ್ಗೆ ತಮ್ಮ ರೇಡಿಯೊದಲ್ಲಿ ಗದ್ಗದಿತನಾಗಿ, “ಈ ಕೊಳಲು ಕೇಳಿ ಅತ್ತೇಬಿಟ್ಟೆ” ಅಂದ. “ಹಾಗಾದ್ರೆ ಕೇಳೇಬಿಡೋಣ” ಅಂತ ನಿರೂಪಕಿ ರೆಕಾರ್ಡು ಹಾಕಿದಳು. ಡಬಡಬ ಶುರುವಾದ ಡೋಲು ನಿಲ್ಲಲೇ ಇಲ್ಲ. ಇತ್ತ ಅಕ್ಕ ರೇಡಿಯೊದ ಸದ್ದು ಇನ್ನಷ್ಟು ಜೋರು ಮಾಡಿದಳು.

ಸಂಜೆ ತಮ್ಮನ ಫೋನು ಬಂತು.

“ಮಾನ ಕಳೆದ್ಯಲ್ಲಕ್ಕಾ! ನಿನ್ನ ನಲವತ್ತು ಚೀಟಿ ನನ್ನ ಪುಸ್ತಕಕ್ಕೆ ಹಾಕಿದೀನಿ, ನಾಳೇನೇ ಅಚ್ಚಿಗೆ ಹೋಗುತ್ತೆ. ಅದರಲ್ಲಿ ಇನ್ನೆಷ್ಟು ಸುಳ್ಳು?”

“ಒಂದೊಂದೇ ರೆಕಾರ್ಡು ಹಾಕ್ಕೊಂಡು ಕೂತು ಕೇಳಪ್ಪಾ,” ಅಂದಳು ಅಕ್ಕ, ಸೂಜಿಗೆ ದಾರ ಪೋಣಿಸುತ್ತ. “ಗೊತ್ತಾಗುತ್ತೆ.”