ಎರಡು ಟ್ವೀಟರುಗಳು

"ಸರಿ, ಹೇಳು" ಎಂದಳು ಅಕ್ಕ ಫೋನಿನಲ್ಲಿ. ಇಬ್ಬರೂ ಒಟ್ಟಿಗೇ ಬಾಯಿ ತೆರೆದರು. ತಮ್ಮನ ಬಾಯಿಂದ "ನಾಲ್ಕು" ಬಂತು, ಅಕ್ಕನ ಬಾಯಿಂದ "ಒಂಬತ್ತು".

"ತಮಾಷೆ ಮಾಡ್ತಿದ್ದೀಯ ತಾನೇ?" ಎಂದು ತಮ್ಮ ಕೇಳಿದ.

"ನಾನ್ಯಾಕೆ ತಮಾಷೆ ಮಾಡ್ಲಿ? ಹತ್ತೇ ಕೊಡೋಣ ಅಂತಿದ್ದೆ. ದೃಷ್ಟಿ ಆಗ್ಬಾರ್ದು ಅಂತ ಒಂದು ಇಟ್ಕೊಂಡೆ."

"ಅಕ್ಕ, ನಾನು ಕೊಟ್ಟ ನಾಲ್ಕು ಕೂಡ ಹಳೇ ಋಣಕ್ಕೆ."

ಈ ಅಂಕ ಕೊಡುವ ಪದ್ಧತಿ ಶುರುವಾದದ್ದು ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಕಾಲದಲ್ಲಿ. ಗಿಟಾರಿನ ಅಬ್ಬರದ ಜೊತೆಗೆ ಕಾರ್ಖಾನೆಯ ಸೈರನ್ನು, ಡ್ರಿಲ್ಲು, ಕಬ್ಬಿಣ ಬಡಿಯುವ ಸದ್ದು ಎಲ್ಲವನ್ನೂ ಕಲಸಿ ಹಾಡು ಕಟ್ಟುವ ಒಂದು ಬ್ಯಾಂಡಿನ ಕ್ಯಾಸೆಟ್ಟು ಎಲ್ಲಿಂದಲೋ ಅಕ್ಕನ ಕೈಗೆ ಸಿಕ್ಕಿತ್ತು. ಅಂಥ ಸಂಗೀತಕ್ಕೆ ಇಂಡಸ್ಟ್ರಿಯಲ್ ಮೆಟಲ್ ಎಂಬ ಹೆಸರಿದೆ ಎಂದು ತಿಳಿದದ್ದು ಆಮೇಲೆ. ಮನೆಯಲ್ಲಿ ಅದಕ್ಕಿದ್ದ ಹೆಸರು 'ಆ ಹಾಳು ಗದ್ದಲ'. ಬ್ಯಾಂಡಿನ ಹೊಸ ಆಲ್ಬಮ್ ಯಾವಾಗ ಬಂದರೂ ಮೊದಲ ಸಲ ಇಬ್ಬರೂ ಒಟ್ಟಿಗೇ ಕೇಳಬೇಕು, ನಡುವೆ ತುಟಿ ಪಿಟಕ್ಕೆನ್ನಬಾರದು, ಮುಗಿದ ಮೇಲೆ ಹತ್ತಕ್ಕೆ ಎಷ್ಟು ಎಂದು ಒಂದೇ ಉಸಿರಿಗೆ ಹೇಳಬೇಕು. ಅಕ್ಕ ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೂ ಇದು ನಿಲ್ಲಲಿಲ್ಲ. ಭಾನುವಾರ ಮಧ್ಯಾಹ್ನ ಫೋನಿನಲ್ಲಿ ಹೇಳಿಕೊಂಡು ಎರಡು ಮನೆಗಳಲ್ಲಿ ಏಕಕಾಲಕ್ಕೆ ಹಚ್ಚುತ್ತಿದ್ದರು. ಇಷ್ಟು ವರ್ಷಗಳಲ್ಲಿ ಇಬ್ಬರ ಅಂಕಗಳಲ್ಲಿ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂದದ್ದೇ ಇಲ್ಲ.

ಈ ಸಲದ ಆಲ್ಬಮ್‌ಗಾಗಿ ಅವರು ಬಹಳ ಕಾಲ ಕಾದಿದ್ದರು. ಬ್ಯಾಂಡು ಒಡೆದುಹೋಯಿತಂತೆ ಎಂಬ ಸುದ್ದಿ ಹಬ್ಬಿ, ಅದು ಸುಳ್ಳಾಗಿ, ಹಳೆಯ ಗಿಟಾರಿನವನು ಬಿಟ್ಟುಹೋಗಿ, ಕೊನೆಗೂ ಬಂದ ಆಲ್ಬಮ್ ಅದು. ತಮ್ಮನು ಬಾಗಿಲು ಹಾಕಿಕೊಂಡು, ಸ್ಪೀಕರುಗಳ ಎದುರು ಕುರ್ಚಿ ಎಳೆದುಕೊಂಡು ಕೂತಿದ್ದ. ಮೊದಲ ಹಾಡು ತೆವಳಿತು. ಎರಡನೆಯದೂ ತೆವಳಿತು. ಹಿಂದೆಲ್ಲ ಗಂಟಲು ಹರಿಯುವಂತೆ ಕಿರುಚುತ್ತಿದ್ದ ಹಾಡುಗಾರ ಈಗ ಗೊಣಗುತ್ತಿದ್ದ. ಎಲ್ಲದರ ಮೇಲೆ ಡ್ರಮ್ಮಿನ ಪಕ್ಕದ ಹಿತ್ತಾಳೆ ತಾಳದ, ಅಂದರೆ ಸಿಂಬಲ್ಲಿನ, ಬುಸುಬುಸು ಸದ್ದು ಮೊದಲಿಂದ ಕೊನೆಯವರೆಗೂ ಒಂದೇ ಸಮ. ಅವನಿಗೆ ಬೇಸರವಾಗಲಿಲ್ಲ, ಸಿಟ್ಟು ಬಂತು.

"ಆ ಸಿಂಬಲ್ ಸದ್ದು ಕಿವಿ ಕೊರೀತಲ್ಲ, ಅದನ್ನ ಹೇಗೆ ತಡ್ಕೊಂಡೆ?" ಎಂದು ಈಗ ಅಕ್ಕನನ್ನು ಕೇಳಿದ.

"ಯಾವ ಸಿಂಬಲ್?"

"ಯಾವ ಸಿಂಬಲ್ ಅಂತೆ. ಡಬ್ಬಿ ಫ್ಯಾಕ್ಟರೀಲಿ ಇದ್ದೂ ಇದ್ದೂ ನಿನ್ನ ಕಿವಿ ತಗಡಾಗಿದೆ ನೋಡು."

ಅಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಸರಿ ಬಿಡು, ಒಲೆ ಮೇಲೆ ಹಾಲಿದೆ" ಎಂದು ಫೋನಿಟ್ಟಳು.

ತಮ್ಮನದು ಸ್ಪೀಕರು, ಆಂಪ್ಲಿಫೈಯರುಗಳ ರಿಪೇರಿ ಅಂಗಡಿ. ಯಾರು ಯಾವ ಡಬ್ಬ ತಂದಿಟ್ಟರೂ ಒಂದು ಸಲ ಸದ್ದು ಹೊರಡಿಸಿ, ಒಳಗೆ ಕಾಯಿಲ್ ಎಲ್ಲಿ ಉಜ್ಜುತ್ತಿದೆ ಎಂದು ಬಿಚ್ಚುವ ಮೊದಲೇ ಹೇಳುತ್ತಿದ್ದ. ಕಿವಿಯೇ ಬಂಡವಾಳ ಎಂದು ಹೇಳಿಕೊಳ್ಳುವುದರಲ್ಲಿ ಅವನಿಗೆ ಸಣ್ಣ ಜಂಭವೂ ಇತ್ತು. ಅಕ್ಕ ತಗಡಿನ ಡಬ್ಬಿಗಳಿಗೆ ಮುಚ್ಚಳ ಒತ್ತುವ ವಿಭಾಗದಲ್ಲಿ ಸೂಪರ್‌ವೈಸರ್. ಕಿವಿಗೆ ಹಾಕಿಕೊಳ್ಳಲು ಸ್ಪಂಜಿನ ಬಿರಡೆ ಕೊಡುತ್ತಿದ್ದರು. ಬಿರಡೆ ಹಾಕಿಕೊಂಡರೆ ಕೈಕೆಳಗಿನ ಹುಡುಗಿಯರು ಕರೆದದ್ದು ಕೇಳಿಸುವುದಿಲ್ಲ ಎಂದು ಅವಳು ಅದನ್ನು ಚೀಲದಲ್ಲೇ ಇಟ್ಟುಕೊಂಡಿರುತ್ತಿದ್ದಳು.

ಆಮೇಲೆ ಕೆಲವು ದಿನ ಇಬ್ಬರೂ ಫೋನು ಮಾಡಲಿಲ್ಲ. ಜಗಳವೇನಲ್ಲ. ಆದರೆ ತಮ್ಮನಿಗೆ ಒಳಗೊಳಗೇ ಅಳುಕು ಹತ್ತಿತ್ತು. ಅಕ್ಕನ ಜೊತೆ ಅವನು ನಿಜಕ್ಕೂ ಮಾತಾಡುತ್ತಿದ್ದದ್ದು ಈ ಒಂದೇ ವಿಷಯ. ಉಳಿದ ವಿಷಯಗಳು ಆರೋಗ್ಯವಾ, ಊಟ ಆಯ್ತಾ, ಭಾವ ಹೇಗಿದ್ದಾರೆ ಎನ್ನುವಷ್ಟರಲ್ಲಿ ಮುಗಿದುಹೋಗುತ್ತಿದ್ದವು. ಈ ಹಾಳು ಗದ್ದಲವೂ ಕೈಬಿಟ್ಟರೆ ತಾವಿಬ್ಬರೂ ಬರೀ ನೆಂಟರಾಗಿಬಿಡುತ್ತೇವೆ ಎಂದು ಅವನಿಗೆ ಹೆದರಿಕೆಯಾಯಿತು.

ಕೊನೆಗೆ ಫೋನು ಮಾಡಿದವಳು ಅಕ್ಕನೇ. "ಲೋ, ನೀನು ಹೇಳಿದ್ಮೇಲೆ ಸ್ಪೀಕರ್ ಹತ್ರ ಕಿವಿ ಇಟ್ಟು ನೋಡ್ದೆ. ಮೇಲಿನ ಚಿಕ್ಕದರಲ್ಲಿ ಏನೂ ಬರ್ತಿಲ್ಲ. ಟ್ವೀಟರ್ ಹೋಗಿದೆ ಕಣೋ. ಎರಡು ಕಡೇದೂ."

ತಮ್ಮನ ಎದೆಯ ಮೇಲಿನ ಕಲ್ಲು ಇಳಿಯಿತು. ಸ್ಪೀಕರಿನ ಪೆಟ್ಟಿಗೆಯಲ್ಲಿ ಮೇಲಿರುವ ಪುಟ್ಟ ತಟ್ಟೆ ಟ್ವೀಟರು, ಚುಚ್ಚುವ ಸಣ್ಣ ದನಿಗಳೆಲ್ಲ ಬರುವುದು ಅದರಿಂದಲೇ. ಅದು ಸತ್ತರೆ ಸಿಂಬಲ್ಲೂ ಇಲ್ಲ, ಬುಸುಬುಸುವೂ ಇಲ್ಲ. "ನೋಡಿದ್ಯಾ, ಅರ್ಧ ಆಲ್ಬಮ್ ಕೇಳಿ ಒಂಬತ್ತು ಕೊಟ್ಬಿಟ್ಟಿದ್ದೀಯ. ತಡಿ, ಬರ್ತೀನಿ. ಪೂರ್ತಿ ಕೇಳಿದ್ಮೇಲೆ ನೀನೂ ನಾಲ್ಕಕ್ಕೇ ಬರ್ತೀಯ" ಎಂದ. ಗೆದ್ದವನ ಹುರುಪಿನಲ್ಲಿ ಎರಡು ಹೊಸ ಟ್ವೀಟರು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ. ಒಂದೇ ಸಲಕ್ಕೆ ಎರಡೂ ಹೇಗೆ ಹೋದವು ಎಂದು ಅವನು ಯೋಚಿಸಲಿಲ್ಲ. ಅಂಗಡಿಗೆ ಬಂದ ಗಿರಾಕಿ ಹಾಗೆ ಹೇಳಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದ.

ಅಕ್ಕನ ಮನೆಯಲ್ಲಿ ಭಾವ ಟಾರ್ಚು ಹಿಡಿದರು. ಎಂದಿನಂತೆ ಆಲ್ಬಮ್ ಶುರುವಾಗುವ ಮೊದಲೇ ಚಪ್ಪಲಿ ಮೆಟ್ಟಿ ಹೊರಗೆ ನಡೆಯುವ ಭಾಗ್ಯ ಅವರಿಗೆ ಆ ದಿನ ಇರಲಿಲ್ಲ. ತಮ್ಮನು ಹಳೆಯ ಟ್ವೀಟರು ಬಿಚ್ಚಿ, ಹೊಸದಕ್ಕೆ ವೈರು ಬೆಸೆದು, ಸ್ಕ್ರೂ ಬಿಗಿದು, ಮೊದಲ ಹಾಡು ಹಾಕಿದ. ಸಿಂಬಲ್ಲು ಕೋಣೆಯ ತುಂಬ ಬುಸುಗುಟ್ಟಿತು. ಭಾವ ಟಾರ್ಚನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕಿವಿ ಮುಚ್ಚಿಕೊಂಡರು. "ಏನಪ್ಪಾ ಇದು, ಹಾವಿನ ಬುಟ್ಟಿ ಬಾಯಿ ತೆಗೆದ ಹಾಗಿದೆ."

ಅಕ್ಕ ಸ್ಪೀಕರಿನ ಪಕ್ಕದಲ್ಲೇ ಮೊಣಕಾಲೂರಿ ಕೂತಿದ್ದಳು. ತಲೆ ಬಾಗಿಸಿ ಕಿವಿಯನ್ನು ಟ್ವೀಟರಿಗೆ ತಾಗುವಷ್ಟು ಹತ್ತಿರ ತಂದಳು. "ಹಾಕಿ ಆಯ್ತಾ?"

"ಆಯ್ತು."

"ಹಂಗಾದ್ರೆ ಇದೂ ಕೆಟ್ಟಿದೆ" ಎಂದಳು.

ಭಾವನ ಮುಖ ನೋಡಿದ ತಮ್ಮ. ಭಾವ ಕಿವಿಯಿಂದ ಕೈ ತೆಗೆದು ನೆಲ ನೋಡಿದರು. ಟಿವಿಯ ಸದ್ದು ಜಾಸ್ತಿಯಾದದ್ದು, ಕರೆಗಂಟೆ ಒತ್ತಿ ಒತ್ತಿ ಜನ ವಾಪಸು ಹೋದದ್ದು ಅವರಿಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ತಗಡಿನ ಕಿವಿ ಎಂದು ತಾನೇ ಅಂದ ಮಾತು ನೆನಪಾಗಿ ತಮ್ಮನಿಗೆ ನಾಚಿಕೆಯಾಯಿತು.

"ಹೌದು. ಈ ಸಲದ ಮಾಲೇ ಸರಿ ಇಲ್ಲ. ಬೇರೆ ತರ್ತೀನಿ" ಎಂದ. ಹಾಡು ನಿಲ್ಲಿಸಿ, ಹಳೆಯ ಎರಡು ಟ್ವೀಟರುಗಳನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಚಹಾ ಕುಡಿಯುವಾಗ ಮೂವರೂ ಬಸ್ಸಿನ ಸಮಯದ ಬಗ್ಗೆ ಬಹಳ ಹೊತ್ತು ಮಾತಾಡಿದರು.

ಅಂಗಡಿಗೆ ಬಂದವನೇ ಹಳೆಯ ಟ್ವೀಟರುಗಳನ್ನು ಮೇಜಿನ ಮೇಲಿಟ್ಟು ಪರೀಕ್ಷಿಸಿದ. ಎರಡೂ ಸರಿಯಾಗಿದ್ದವು. ಮತ್ತೆ ಪರೀಕ್ಷಿಸಿದ. ಮತ್ತೂ ಸರಿಯಾಗಿದ್ದವು. ಕೆಟ್ಟದ್ದನ್ನು ಸರಿಮಾಡುವುದು ಅವನ ಕಸುಬು, ಸರಿಯಿದ್ದದ್ದನ್ನು ಮುಂದಿಟ್ಟುಕೊಂಡು ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ಕೊನೆಗೆ ತನ್ನದೇ ಸ್ಪೀಕರುಗಳ ಹಿಂಬದಿ ಬಿಚ್ಚಿ, ಟ್ವೀಟರುಗಳಿಗೆ ಹೋಗುವ ವೈರನ್ನು ಕಿತ್ತು, ಆ ನಾಲ್ಕು ಅಂಕದ ಆಲ್ಬಮನ್ನು ಮೊದಲಿಂದ ಹಾಕಿದ. ಅಕ್ಕನಿಗೆ ಏನು ಉಳಿದಿದೆ ಎಂದು ನೋಡಬೇಕಿತ್ತು.

ಮೊದಲು ಎಲ್ಲವೂ ಕಂಬಳಿಯೊಳಗಿಂದ ಬಂದಂತೆ ಮಂಕಾಗಿ ಕೇಳಿಸಿತು. ಎದ್ದು ನಿಲ್ಲಿಸಬೇಕು ಅನ್ನಿಸಿದರೂ ನಿಲ್ಲಿಸಲಿಲ್ಲ. ಎರಡನೆಯ ಹಾಡಿನ ನಡುವೆ ಕೆಳದನಿಯ ಬೇಸ್ ಗಿಟಾರು ಒಂದು ಸಾಲು ನುಡಿಸಿ ಸುಮ್ಮನಾಯಿತು. ಅದಕ್ಕೂ ಕೆಳಗಿನಿಂದ ಯಾವುದೋ ಯಂತ್ರ ಅದೇ ಸಾಲನ್ನು ಒಪ್ಪಿಸಿತು, ಕೊನೆಯ ಪೆಟ್ಟನ್ನು ಮಾತ್ರ ತಡಮಾಡಿ. ಅವನು ಹಿಂದಕ್ಕೆ ಹಾಕಿ ಮತ್ತೆ ಕೇಳಿದ. ಮೂರನೆಯ ಹಾಡಿನಲ್ಲೂ ಹಾಗೇ. ಬೇಸು ಪ್ರಶ್ನೆ ಕೇಳುತ್ತಿತ್ತು, ಯಂತ್ರ ತಡವಾಗಿ ಉತ್ತರ ಕೊಡುತ್ತಿತ್ತು, ಆ ತಡವಾದ ಪೆಟ್ಟಿಗಾಗಿ ಹಾಡೆಲ್ಲ ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಅವನು ತೆವಳುತ್ತಿದೆ ಎಂದುಕೊಂಡದ್ದು ಈ ಕಾಯುವಿಕೆಯನ್ನೇ. ಹಾಡುಗಾರ ಗೊಣಗುತ್ತಿರಲಿಲ್ಲ, ಈ ಸಂಭಾಷಣೆಗೆ ಅಡ್ಡ ಬಾರದಂತೆ ದನಿ ಇಳಿಸಿದ್ದ.

ದಿನವೂ ಕೇಳಿದ. ಗಿರಾಕಿಗಳು ಬಂದರೆ ಸದ್ದು ತಗ್ಗಿಸಿ, ಹೋದ ಮೇಲೆ ಏರಿಸಿದ. ಕೊನೆಗೊಂದು ದಿನ ವೈರನ್ನು ಮತ್ತೆ ಬೆಸೆದ. ಸಿಂಬಲ್ಲು ವಾಪಸು ಬಂತು. ಈಗ ಅದು ಕಿವಿ ಕೊರೆಯಲಿಲ್ಲ. ಕೆಳಗಿನ ಪೆಟ್ಟು ತಡವಾದಾಗಲೆಲ್ಲ ಅದು ಚೂರು ಮುಂದಕ್ಕೆ ಓಡಿ, ತಿರುಗಿ ನೋಡಿ ನಿಲ್ಲುತ್ತಿತ್ತು. ಇಂಥ ಆಲ್ಬಮನ್ನು ಆ ಬ್ಯಾಂಡು ಹಿಂದೆಂದೂ ಮಾಡಿರಲಿಲ್ಲ. ಅವನಿಗೆ ಸಂತೋಷವಾಯಿತು, ಆ ಸಂತೋಷವನ್ನು ಹೇಳಿಕೊಳ್ಳಲು ಇದ್ದವಳು ಅಕ್ಕ ಒಬ್ಬಳೇ, ಅವಳಿಗೇ ಅದು ಪೂರ್ತಿ ಕೇಳಿಸುವುದಿಲ್ಲ ಎಂದು ದುಃಖವೂ ಆಯಿತು.

ಮುಂದಿನ ರಜೆಯ ದಿನ ಅವನು ಹೋದಾಗ ಅಕ್ಕ ಸ್ಪೀಕರುಗಳಿಗೆ ಹಳೆಯ ಬೆಡ್‌ಶೀಟು ಸುತ್ತಿಟ್ಟಿದ್ದಳು.

"ಅಕ್ಕ, ಹಳೇವು ಕೆಟ್ಟಿರ್ಲಿಲ್ಲ" ಎಂದ, ಚಪ್ಪಲಿ ಬಿಡುವ ಮೊದಲೇ.

"ಗೊತ್ತು. ಆವತ್ತು ನಿಮ್ಮ ಭಾವ ಕಿವಿ ಮುಚ್ಕೊಂಡ್ರಲ್ಲ, ಆಗ್ಲೇ ಗೊತ್ತಾಯ್ತು. ನಂಗೆ ಅದ್ರಿಂದ ಏನೂ ಕೇಳಿಸ್ದೇ ಇರೋ ಹೊತ್ತಲ್ಲಿ ಅವರು ಯಾಕೆ ಮುಚ್ಕೋಬೇಕು?" ಅವಳು ಬೆಡ್‌ಶೀಟಿನ ಗಂಟು ಬಿಗಿದಳು. "ಡಾಕ್ಟ್ರ ಹತ್ರಾನೂ ಹೋಗಿ ಬಂದೆ. ಮೇಲಿನ ಸಣ್ಣ ಸದ್ದು ಕೇಳೋ ಶಕ್ತಿ ಹೋಗಿದೆಯಂತೆ, ವಾಪಸ್ ಬರಲ್ವಂತೆ. ಕೆಳಗಿಂದು ಇನ್ನೂ ಗಟ್ಟಿಮುಟ್ಟಾಗಿದೆ ಅಂದ್ರು. ಆ ಒಂಬತ್ತು ಬಿಟ್ಬಿಡು, ಅರ್ಧ ಕೇಳಿ ಕೊಟ್ಟಿದ್ದು. ಇವನ್ನ ತಗೊಂಡ್ಹೋಗು, ಅಂಗಡೀಲಿ ಯಾರಿಗಾದ್ರೂ ಕೊಡು. ಇನ್ಮೇಲೆ ನೀನೇ ಕೇಳು."

"ನಾನೊಬ್ನೇ ಕೇಳಿ ಏನ್ಮಾಡ್ಲಿ?"

"ಏನಾದ್ರೂ ಮಾಡ್ಕೋ. ಇಲ್ದೇ ಇರೋದನ್ನ ಇದೆ ಅಂತ ತಲೆ ಆಡಿಸ್ಕೊಂಡು ಕೂರೋದಕ್ಕೆ ನಂಗೆ ಆಗಲ್ಲ."

ತಮ್ಮ ನೆಲದ ಮೇಲೆ ಕೂತ. "ಮೂರನೇ ಹಾಡಲ್ಲಿ ಬೇಸು ನಿಂತುಹೋಗತ್ತಲ್ಲ" ಎಂದ. "ಆಮೇಲೆ ಅದೇ ಸಾಲು ಇನ್ನೂ ಕೆಳಗಿಂದ ಬರತ್ತೆ."

"ಕೆಳಗಡೆ ಮನೇಲಿ ಯಾರೋ ಹೊಲಿಗೆ ಮೆಷಿನ್ ತುಳೀತಿರೋ ಹಾಗೆ" ಎಂದಳು ಅಕ್ಕ, ಅವನ ಕಡೆ ನೋಡದೆ. "ಕೊನೇದು ಲೇಟು."

"ಅದು ನಂಗೆ ಮೊದಲ ಸಲ ಕೇಳಿಸ್ಲೇ ಇಲ್ಲ. ಟ್ವೀಟರ್ ವೈರ್ ಕಿತ್ತು ಕೂತ್ಕೊಂಡ್ಮೇಲೆ ಕೇಳಿಸ್ತು."

"ಯಾಕೆ ಕಿತ್ತೆ?"

"ನಿಂಗೆ ಹೇಗೆ ಕೇಳಿಸತ್ತೆ ಅಂತ ನೋಡೋಕೆ."

ಅಕ್ಕನ ಕೈ ಗಂಟಿನ ಮೇಲೆಯೇ ನಿಂತಿತು. ಒಳಗೆ ಭಾವ ಪಾತ್ರೆ ತೊಳೆಯುತ್ತಿದ್ದ ನಲ್ಲಿಯನ್ನು ನಿಲ್ಲಿಸಿದರು. ಅವಳು ಗಂಟು ಬಿಚ್ಚಿ, ಬೆಡ್‌ಶೀಟನ್ನು ಮಡಿಸಿ ಕುರ್ಚಿಯ ಮೇಲಿಟ್ಟಳು. ಅವನು ಟ್ವೀಟರಿನ ವೈರು ತೆಗೆಯಲು ಪೆಟ್ಟಿಗೆಯ ಹಿಂದಕ್ಕೆ ಕೈ ಹಾಕಿದಾಗ, "ಬೇಡ, ಇರ್ಲಿ. ನೀನು ಪೂರ್ತಿ ಕೇಳು" ಎಂದಳು.

ಮೂರನೆಯ ಹಾಡು ಹಾಕಿದರು. ಇಬ್ಬರೂ ಗೋಡೆಗೆ ಒರಗಿ ಅಕ್ಕಪಕ್ಕ ಕೂತರು. ಬೇಸು ನಿಂತಿತು, ಕೆಳಗಿನ ಯಂತ್ರ ಶುರುವಾಯಿತು.

"ಈಗ ಮೇಲೆ ಏನಿದೆ?" ಎಂದು ಅಕ್ಕ ಮೆಲ್ಲಗೆ ಕೇಳಿದಳು.

ಅವನು ಚಾಪೆಯ ಮೇಲೆ ಊರಿದ್ದ ಅವಳ ಅಂಗೈಯ ಹಿಂಬದಿಯಲ್ಲಿ ಉಗುರಿನಿಂದ ಸಿಂಬಲ್ಲನ್ನು ತಟ್ಟತೊಡಗಿದ, ಬೇಗ ಬೇಗ, ಹಗುರಾಗಿ. ಪೆಟ್ಟು ತಡವಾದ ಕಡೆ ಬೆರಳೂ ನಿಂತು ಕಾಯಿತು. ಅಕ್ಕ ಆ ಕೈಯನ್ನು ಅಲುಗಿಸಲಿಲ್ಲ. ಇನ್ನೊಂದು ಕೈಯನ್ನು ಚಾಚಿ ಸದ್ದನ್ನು ಇನ್ನೊಂದಿಷ್ಟು ಏರಿಸಿದಳು.